ತಿಂಡಿ ಆಯ್ತು ಅನ್ನುವ ಫೋನು

ನನ್ನ ಕೆಲಸವೇ ಬರಿಹೊಟ್ಟೆಯ ಜನರನ್ನು ನೋಡುವುದು. ಬೆಳಗಿನ ಆರೂವರೆಯಿಂದ ಹನ್ನೊಂದರವರೆಗೆ ಜೆ.ಪಿ. ನಗರ, ಜರಗನಹಳ್ಳಿ, ಅಂಜನಾಪುರದ ಮನೆಮನೆಗೆ ಸ್ಕೂಟರಿನಲ್ಲಿ ಹೋಗಿ, ಲ್ಯಾಬಿನ ಪರವಾಗಿ ರಕ್ತ ತೆಗೆದುಕೊಂಡು ಬರುತ್ತೇನೆ. ಹದಿನಾಲ್ಕು ವರ್ಷವಾಯಿತು. ಕಾಫಿ ಕುಡಿಯದ ಮನುಷ್ಯ ನಾಟಕ ಆಡಲಾರ ಎನ್ನುವುದು ನನ್ನ ಅನುಭವ. ದೊಡ್ಡ ಆಫೀಸರೂ ಸೂಜಿ ಕಂಡರೆ ಮುಖ ಆ ಕಡೆ ತಿರುಗಿಸುತ್ತಾರೆ. ಗಂಡಹೆಂಡಿರ ಹಿಂದಿನ ದಿನದ ಜಗಳ ಇನ್ನೂ ಹಾಲ್‌ನಲ್ಲೇ ಬಿದ್ದಿರುತ್ತದೆ. ಇದೆಲ್ಲ ಕಂಡರೂ ನಾನು ಏನೂ ಕೇಳುವ ಹಾಗಿಲ್ಲ, ಹೇಳುವ ಹಾಗಂತೂ ಇಲ್ಲವೇ ಇಲ್ಲ. ರಕ್ತ ತೆಗೆ, ಹೆಸರು ಅಂಟಿಸು, ಹೊರಡು, ಇಷ್ಟೇ ಲ್ಯಾಬಿನ ನಿಯಮ. ಒಮ್ಮೆ ಒಬ್ಬರಿಗೆ "ಸಾರ್, ಈ ಮಾತ್ರೆ ಡಾಕ್ಟರ ಹತ್ತಿರ ಇನ್ನೊಂದ್ ಸಲ ತೋರಿಸಿ" ಎಂದದ್ದಕ್ಕೆ ಮೆಮೊ ಕೊಟ್ಟರು. ಅಂದಿನಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಆ ಬೀಗ ಜಯಶೀಲಾ ಆಂಟಿಯ ಮನೆಯಲ್ಲಿ ಮುರಿಯಿತು. ಇನ್ನೂ ಒಂದು ಆರು ತಿಂಗಳು ಮೊದಲೇ ಮುರಿಯಬೇಕಿತ್ತು.

ಕನಕಪುರ ರಸ್ತೆಯಿಂದ ಜರಗನಹಳ್ಳಿಯ ಒಳಗೆ ಎರಡನೇ ತಿರುವಿನಲ್ಲಿ ಅವರ ಮನೆ. ಕೆಳಗೆ ಬಾಡಿಗೆಯವರು, ಮೇಲೆ ಇವರು. ಗಂಡ ಶಾಂತವೀರಪ್ಪನವರಿಗೆ ಮುಖ್ಯರಸ್ತೆಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ. ತಿಪಟೂರಿನ ಕಡೆಯಿಂದ ಬಂದು ಇಲ್ಲಿ ಮೂವತ್ತು ವರ್ಷ ಬೇರೂರಿದವರು. ಮಗ ಮಹಾಂತೇಶ ವಿಮೆ ಕಂಪನಿಯ ಕೆಲಸದ ಮೇಲೆ ತಿಂಗಳಲ್ಲಿ ಅರ್ಧ ಪಾಲು ಊರೂರು ಸುತ್ತುತ್ತಾನೆ. ಮನೆಯಲ್ಲಿ ಇರುವವಳು ಸೊಸೆ ಶ್ರೀದೇವಿ, ಮಾತು ಕಡಿಮೆ, ಕೆಲಸ ಜಾಸ್ತಿ. ಜಯಶೀಲಾ ಆಂಟಿಗೆ ಐವತ್ತೇಳು. ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷ.

ಆರು ವರ್ಷದ ಹಿಂದೆ ಮೊದಲ ಸಲ ಹೋದಾಗ ಸೋಫಾದ ತೋಳಿನ ಮೇಲೆ ಕೈ ಚಾಚಿ, "ಸೊಳ್ಳೆ ಕೇಳ್ದೆ ಕುಡಿಯುತ್ತೆ, ನೀನು ಕೇಳಿ ಕುಡೀತೀಯ. ಅಷ್ಟೇ ವ್ಯತ್ಯಾಸ" ಎಂದಿದ್ದರು. ತಮಗೆ ಕಾಫಿ ನಿಷಿದ್ಧವಾಗಿದ್ದ ಹೊತ್ತಿನಲ್ಲಿ ನನಗೆ ಲೋಟ ತುಂಬ ಕೊಡಿಸಿ, ನಾನು ಕುಡಿಯುವುದನ್ನು ನೋಡುತ್ತ ಕೂರುತ್ತಿದ್ದರು. "ಇನ್ನೊಂದ್ ಸಲ ಊದು, ವಾಸನೆ ಈ ಕಡೆ ಬರ್ಲಿ" ಎನ್ನುವರು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಹಾಗೆ.

ಅವರು ತಿಂಗಳಿಗೊಮ್ಮೆ, ಒಂದೇ ಬೆಳಿಗ್ಗೆ ಎರಡು ಸಲ ರಕ್ತ ಕೊಡಬೇಕಿತ್ತು. ಏಳು ಗಂಟೆಗೆ ಬರಿಹೊಟ್ಟೆಯದು, ತಿಂಡಿ ತಿಂದು ಸರಿಯಾಗಿ ಎರಡು ಗಂಟೆ ಆದ ಮೇಲೆ ಇನ್ನೊಂದು. ಆ ಎರಡು ಗಂಟೆ ಶುರುವಾಗುವುದು ಯಾವಾಗ ಎಂದು ನನಗೆ ಗೊತ್ತಾಗಬೇಕಲ್ಲ. ಅದಕ್ಕೆ ಎಲ್ಲರಿಗೂ ಒಂದೇ ಮಾತು ಹೇಳಿರುತ್ತೇನೆ: ಕೊನೆಯ ತುತ್ತು ಇಳಿದ ಕೂಡಲೇ ಫೋನ್ ಮಾಡಿ, "ತಿಂಡಿ ಆಯ್ತು" ಅನ್ನಿ, ಸಾಕು. ಎಲ್ಲರೂ ಅಷ್ಟೇ ಹೇಳಿ ಇಡುತ್ತಾರೆ. ಆಂಟಿ ಮಾತ್ರ ಹಾಗಲ್ಲ.

"ತಿಂಡಿ ಆಯ್ತು ಕಣೆ ಶುಭಾ. ಅವಲಕ್ಕಿ. ಶ್ರೀದೇವಿ ಉಪ್ಪು ಹಾಕೋದು ಮರ್ತಿದ್ಲು, ನಾನು ತಿನ್ನೋದು ಮರೀಲಿಲ್ಲ."

ಇನ್ನೊಂದು ತಿಂಗಳು, "ತಿಂಡಿ ಆಯ್ತು. ಇಡ್ಲಿ. ನಮ್ಮನೆಯವ್ರ ಅಂಗಡಿ ಪಾತ್ರೆ ಇದಕ್ಕಿಂತ ಮೆತ್ತಗಿದೆ."

ನಾನು ಸಾರಕ್ಕಿ ಸಿಗ್ನಲ್ಲಿನಲ್ಲಿ ಹೆಲ್ಮೆಟ್ ಒಳಗೆ ಒಬ್ಬಳೇ ನಗುತ್ತಿದ್ದೆ. ಆ ಮನೆಯಲ್ಲಿ ಉಪ್ಪಿನ ದೂರು ಇದ್ದಷ್ಟು ದಿನ ಎಲ್ಲವೂ ಸರಿಯಿತ್ತು ಎಂದು ಆಗ ನನಗೆ ತಿಳಿದಿರಲಿಲ್ಲ.

ಒಂದು ವಿಷಯ ಇಲ್ಲಿ ಹೇಳಿಬಿಡಬೇಕು. ಅವರು ಲಿಂಗವಂತರು. ಬೆಳಿಗ್ಗೆ ಸ್ನಾನ ಮಾಡಿ, ಕೊರಳಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಕಣ್ಣು ಮಿಟುಕಿಸದೆ ಅದನ್ನೇ ನೋಡುತ್ತ ಕೂರುವ ಪೂಜೆ ಅವರದು. ಅದಾಗದೆ ಆ ಮನೆಯಲ್ಲಿ ಯಾರೂ ತುತ್ತು ಎತ್ತುವುದಿಲ್ಲ. ಲಿಂಗ ಅಂಗೈಯಲ್ಲಿ ಇರುವವರನ್ನು ಯಾರೂ ಕೂಗುವುದಿಲ್ಲ, ಮುಟ್ಟುವುದಂತೂ ದೂರದ ಮಾತು. ಕೈ ಅಲುಗಿ ಲಿಂಗ ನೆಲಕ್ಕೆ ಬಿದ್ದರೆ ಅದಕ್ಕಿಂತ ದೊಡ್ಡ ಅಪಚಾರವಿಲ್ಲ. ನಾನು ಬೇರೆ ಜನದವಳಾದರೂ ಆರು ವರ್ಷದಲ್ಲಿ ಇದೆಲ್ಲ ಬಾಯಿಪಾಠವಾಗಿತ್ತು.

ಆಂಟಿಯ ಬೆಳಗು ಹೀಗೆ: ರಕ್ತ, ಸ್ನಾನ, ಊಟಕ್ಕೆ ಮುಂಚಿನ ಒಂದು ಮಾತ್ರೆ, ಇಪ್ಪತ್ತು ನಿಮಿಷದ ಪೂಜೆ, ತಿಂಡಿ. ಔಷಧಿಗೆ ದೋಷವಿಲ್ಲವೆಂದು ಯಾರೋ ಹಿರಿಯರು ಹೇಳಿದ್ದರಿಂದ ಮಾತ್ರೆ ಪೂಜೆಗೆ ಮೊದಲೇ ಆಗುತ್ತಿತ್ತು. ಮಾತ್ರೆಗೂ ತಟ್ಟೆಗೂ ನಡುವೆ ಅರ್ಧ ಗಂಟೆ. ಹನ್ನೊಂದು ವರ್ಷ ಅದು ತಪ್ಪಿರಲಿಲ್ಲ. ಅಂಥ ಮಾತ್ರೆಗೆ ನೀವು ತಿಂದಿರೋ ಇಲ್ಲವೋ ಎಂಬುದು ಬೇಕಿಲ್ಲ. ನುಂಗಿದ ಮೇಲೆ ಅದು ರಕ್ತದ ಸಕ್ಕರೆಯನ್ನು ಇಳಿಸಿಯೇ ಇಳಿಸುತ್ತದೆ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಆಂಟಿ ಮಾತು ಕಡಿಮೆ ಮಾಡಿದರು. ಏನೂ ಆಗಿರಲಿಲ್ಲ, ಅದೇ ಕಷ್ಟ. ಸಾವಿಲ್ಲ, ಜಗಳವಿಲ್ಲ, ಕೊರತೆಯಿಲ್ಲ. ಹೀಗಿದ್ದಾಗ ಜನಕ್ಕೆ ಏನು ಹೇಳಬೇಕೆಂದು ತೋಚುವುದಿಲ್ಲ, "ನಿಂಗೇನ್ ಕಮ್ಮಿ ಆಗಿದೆ" ಎಂದು ಕೇಳುತ್ತಾರೆ. ಪಾರ್ಕಿನ ವಾಕಿಂಗು ನಿಂತಿತು. ಕೂದಲಿಗೆ ಬಣ್ಣ ಹಚ್ಚುವುದು ನಿಂತಿತು. ನನ್ನ ಕಾಫಿ ಬರುತ್ತಿತ್ತು, ಆದರೆ ನಾನು ಊದುವುದನ್ನು ಅವರು ನೋಡುತ್ತಿರಲಿಲ್ಲ. ಒಮ್ಮೆ ತೋಳಿಗೆ ಪಟ್ಟಿ ಕಟ್ಟುವಾಗ ಕೇಳಿದರು, "ಶುಭಾ, ಈ ರಕ್ತದಲ್ಲಿ ಬೇಜಾರು ಎಷ್ಟಿದೆ ಅಂತ ನೋಡೋ ಟೆಸ್ಟ್ ಇಲ್ವಾ?"

ನಾನು ನಕ್ಕೆ. ಹಳೆಯ ಜಯಶೀಲಾ ಆಂಟಿ ತಮಾಷೆ ಮಾಡುತ್ತಿದ್ದಾರೆಂದು ಖುಷಿಯಿಂದ ನಕ್ಕೆ. ಅವರು ನಗಲಿಲ್ಲ. ಆ ನಗು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯಲ್ಲಿ ಆರೂ ಮುಕ್ಕಾಲು ಇದ್ದದ್ದು ಎಂಟು ಆಯಿತು, ಒಂಬತ್ತರ ಹತ್ತಿರ ಬಂತು. ಡಾಕ್ಟರರು ಪಥ್ಯ ಸರಿಯಿಲ್ಲ ಎಂದು ಗದರಿ ಮಾತ್ರೆಯನ್ನು ದುಪ್ಪಟ್ಟು ಮಾಡಿದರು. ಮನೆಯವರು ಮಧ್ಯಾಹ್ನ ಆಂಟಿಯ ದಿಂಬಿನ ಕೆಳಗೆ ಬೆಲ್ಲದ ಚೂರು ಕಂಡು, ಕದ್ದು ತಿನ್ನುತ್ತಾರೆ ಎಂದು ತೀರ್ಮಾನಿಸಿದರು. ಬೆಲ್ಲ, ಸಕ್ಕರೆ, ಬಿಸ್ಕತ್ತು ಎಲ್ಲ ಬೀರುವಿನೊಳಗೆ ಸೇರಿ ಬೀಗ ಬಿತ್ತು. ಶಾಂತವೀರಪ್ಪನವರು ನನ್ನೆದುರಿಗೇ, "ನಾಲಿಗೆ ಮೇಲೆ ಹಿಡಿತ ಇಲ್ಲ ಅಂದ್ರೆ ಏನ್ಮಾಡೋದು ಹೇಳಿ" ಎಂದರು. ಆಂಟಿ ತಲೆ ತಗ್ಗಿಸಿ ಕೂತಿದ್ದರು. ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ಆ ಹೆಂಗಸು ತಲೆ ತಗ್ಗಿಸಿದ್ದು ನನಗೆ ಸಹಿಸಲಾಗಲಿಲ್ಲ. ಆದರೂ ಹೆಸರು ಅಂಟಿಸಿ ಹೊರಟೆ.

ಒಂದೇ ಒಂದು ವಿಷಯದಲ್ಲಿ ಅವರಿಗೆ ಮನೆಯಲ್ಲಿ ಮರ್ಯಾದೆ ಹೆಚ್ಚಾಯಿತು. ಇಪ್ಪತ್ತು ನಿಮಿಷದ ಪೂಜೆ ನಲವತ್ತಾಯಿತು, ಒಂದು ಗಂಟೆಯಾಯಿತು. ಅಂಗೈ ಎತ್ತಿ ಹಿಡಿದು, ಕಣ್ಣು ನೆಟ್ಟು, ಅಲುಗಾಡದೆ ಕೂರುತ್ತಿದ್ದರು. ಶಾಂತವೀರಪ್ಪನವರಿಗೆ ಹಿಗ್ಗು. "ಈಗ ಮನಸ್ಸು ಶಿವನ ಕಡೆ ತಿರುಗಿದೆ, ಅದಕ್ಕೇ ಮಾತು ಬಿಟ್ಟಿದ್ದಾಳೆ" ಎಂದು ನೆಂಟರಿಗೆಲ್ಲ ಹೇಳಿದರು. ಮನೆಗೆ ಬಂದ ಸ್ವಾಮಿಗಳೊಬ್ಬರು ಇಣುಕಿ ನೋಡಿ, ಇದು ಎಲ್ಲರಿಗೂ ಸಿಗುವ ಸ್ಥಿತಿಯಲ್ಲ ಎಂದರಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಬೀದಿಯಲ್ಲೂ ಇರುತ್ತಾರೆ. ಸೋಮವಾರ ಬಂದರೆ ಅಕ್ಕಪಕ್ಕದ ಹೆಂಗಸರು ಆಂಟಿಯ ಕಾಲಿಗೆ ಬೀಳಲು ಬರತೊಡಗಿದರು. ನನಗೆ "ತಿಂಡಿ ಆಯ್ತು" ಎಂಬ ಫೋನು ಈಗ ಶ್ರೀದೇವಿಯಿಂದ ಬರುತ್ತಿತ್ತು, ತಡವಾಗಿ, ಎರಡೇ ಪದದಲ್ಲಿ.

ಶ್ರಾವಣದ ಮೂರನೇ ಸೋಮವಾರ. ಏಳಕ್ಕೆ ಸರಿಯಾಗಿ ಹೋದೆ. ಆಂಟಿಯ ಕೈ ತಣ್ಣಗಿತ್ತು. ಬ್ಯಾಗಿನಲ್ಲಿದ್ದ ಪುಟ್ಟ ಮೀಟರಿನಲ್ಲಿ ಬೆರಳಿನ ಹನಿಯೊಂದನ್ನೂ ನೋಡಿದೆ. ಎಂಬತ್ತೆರಡು. ಸಾಮಾನ್ಯರಿಗೆ ಅದು ಒಳ್ಳೆಯ ಅಂಕಿ. ದುಪ್ಪಟ್ಟು ಮಾತ್ರೆ ನುಂಗಲು ಹೊರಟವರಿಗೆ ಅಲ್ಲ.

"ರಾತ್ರಿ ಊಟ ಮಾಡಿದ್ರಾ ಆಂಟಿ?"

"ಬೇಡ ಅನ್ನಿಸ್ತು."

"ಇವತ್ತು ಪೂಜೆ ಬೇಗ ಮುಗಿಸಿ ತಿಂಡಿ ತಿಂದ್ಬಿಡಿ. ಒಂದ್ ಗಂಟೆ ಎಲ್ಲ ಕೂರ್ಬೇಡಿ."

ಅವರು ನನ್ನನ್ನು ನೋಡಿದರು. ಆ ವರ್ಷದಲ್ಲಿ ಮೊದಲ ಸಲ ನೆಟ್ಟಗೆ ನೋಡಿದರು. "ಅಲ್ಲಿ ಕೂತಿದ್ರೆ ಯಾರೂ ಎಬ್ಬಿಸಲ್ಲ ಕಣೆ" ಎಂದರು.

ಆಮೇಲೆ ತೋಳು ಮಡಚಿಕೊಂಡು ಎದ್ದುಹೋದರು. ಶ್ರೀದೇವಿ ಬಾಗಿಲವರೆಗೆ ಬಂದಳು. ಮಾತ್ರೆ ಇವತ್ತು ತಿಂಡಿಯ ಜೊತೆಗೇ ಕೊಡಿ ಎಂದು ಹೇಳಲು ಬಾಯಿ ತೆರೆದೆ. ಆ ಮೆಮೊ ನೆನಪಾಯಿತು. "ಬೇಗ ತಿನ್ನಿಸಿ" ಎಂದಷ್ಟೇ ಅಂದು ಮೆಟ್ಟಿಲಿಳಿದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಹೋದವಳು ನಾನು. ಬೇರೆಯವರನ್ನು ಬೈಯುವ ಮೊದಲು ಇದನ್ನೂ ಬರೆದಿಡಬೇಕು.

ಜೆ.ಪಿ. ನಗರದ ಆರನೇ ಹಂತದಲ್ಲಿ ಒಂದು ಮನೆ ಮುಗಿಸಿದೆ, ಎಂಟೂವರೆ. ಫೋನ್ ಬರಲಿಲ್ಲ. ಏಳನೇ ಹಂತದಲ್ಲಿ ಇನ್ನೊಂದು ಮುಗಿಸಿದೆ, ಒಂಬತ್ತು. ಫೋನ್ ಬರಲಿಲ್ಲ. ಮುಂದಿನದು ಅಂಜನಾಪುರ, ನಮ್ಮ ಮನೆಯ ಪಕ್ಕದ ರಸ್ತೆಯೇ. ಕನಕಪುರ ರಸ್ತೆಗೆ ಬಂದು ಮೆಟ್ರೋ ಕಂಬಗಳ ಕೆಳಗೆ ಹೋಗುತ್ತಿದ್ದೆ. ಕಿವಿಯೆಲ್ಲ ಜೇಬಿನ ಫೋನಿನ ಮೇಲೆ. ಆ ಮಾತು ತಲೆಯಿಂದ ಹೋಗುತ್ತಿರಲಿಲ್ಲ. ಅಲ್ಲಿ ಕೂತಿದ್ರೆ ಯಾರೂ ಎಬ್ಬಿಸಲ್ಲ. ದೇವರ ಧ್ಯಾನದಲ್ಲಿ ಇರುವವರು ಆಡುವ ಮಾತೇ ಅದು? ಅದು ಹೊದಿಕೆ ಎಳೆದುಕೊಂಡು ಮಲಗಿದವರ ಮಾತು.

ಒಂಬತ್ತು ಇಪ್ಪತ್ತಕ್ಕೆ ಗಾಡಿ ನಿಲ್ಲಿಸಿ ನಾನೇ ಫೋನ್ ಮಾಡಿದೆ. ಶ್ರೀದೇವಿ ಪಿಸುಮಾತಿನಲ್ಲಿ, "ಇನ್ನೂ ಪೂಜೆಗೆ ಕೂತಿದ್ದಾರೆ ಅಕ್ಕ. ಎದ್ದಿಲ್ಲ" ಎಂದಳು.

"ಮಾತ್ರೆ?"

"ಎಂಟಕ್ಕೆ ಐದು ನಿಮಿಷ ಇತ್ತು, ಕೊಟ್ಟೆ."

"ಎಬ್ಬಿಸಿ. ಈಗ್ಲೇ ಎಬ್ಬಿಸಿ ಏನಾದ್ರೂ ತಿನ್ನಿಸಿ."

"ಮಾವ ಬಾಗಿಲಲ್ಲೇ ಕೂತಿದ್ದಾರೆ. ಹೊರಗೆ ಜನ ಬೇರೆ ಬಂದಿದ್ದಾರೆ. ನಾನು ಹೇಗೆ ಎಬ್ಬಿಸ್ಲಿ?"

ನಾನು ಯು ಟರ್ನ್ ಹುಡುಕಲಿಲ್ಲ. ಗಾಡಿಯಿಂದ ಇಳಿದು, ಎರಡು ಬಸ್ಸುಗಳ ನಡುವೆ ತಳ್ಳಿಕೊಂಡೇ ರಸ್ತೆ ದಾಟಿದೆ. ಕಂಡಕ್ಟರು ಏನೋ ಬೈದ. ಅಂಜನಾಪುರದ ಪೇಷಂಟಿನ ಫೋನು ಬರುತ್ತಲೇ ಇತ್ತು, ತೆಗೆಯಲಿಲ್ಲ. ಸಾರಕ್ಕಿಯ ಕಡೆ ಹೋಗುವ ಗಾಡಿಗಳೆಲ್ಲ ಆ ಹೊತ್ತಿಗೆ ಆಮೆಯ ನಡಿಗೆ. ಹತ್ತು ನಿಮಿಷದ ದಾರಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಒಂಬತ್ತು ನಲವತ್ತಕ್ಕೆ ಮೆಟ್ಟಿಲು ಹತ್ತಿದೆ.

ಹಾಲ್‌ನಲ್ಲಿ ಇಬ್ಬರು ಹೆಂಗಸರು ಹೂವಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪೂಜೆಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅದರ ಮುಂದೆ ಕುರ್ಚಿ ಹಾಕಿಕೊಂಡು ಶಾಂತವೀರಪ್ಪನವರು ಕೂತಿದ್ದರು. ಅವರು ಬೆಳಗ್ಗೆ ಐದೂವರೆಗೇ ತಮ್ಮ ಪೂಜೆ ಮುಗಿಸುವವರು. ಹಣೆಯ ವಿಭೂತಿ ಒಣಗಿ ಬಿರುಕು ಬಿಟ್ಟಿತ್ತು.

"ಶುಭಾ, ಇಷ್ಟು ಬೇಗ ಯಾಕ್ ಬಂದ್ರಿ? ಇನ್ನೂ ಪೂಜೆ ಆಗಿಲ್ಲ. ಕೂತ್ಕೊಳಿ" ಎಂದರು.

"ಅಂಕಲ್, ಆಂಟಿನ ನಾನು ನೋಡ್ಬೇಕು."

"ಮೆಲ್ಲಗೆ ಮಾತಾಡಿ. ಇವತ್ತು ಬೇರೆ ಥರಾನೇ ಇದೆ. ಅರ್ಧ ಗಂಟೆಯಿಂದ ಕಣ್ಣಲ್ಲಿ ನೀರು. ಮೈ ನಡುಗ್ತಿದೆ. ನಾನೂ ಇಷ್ಟು ವರ್ಷ ಪೂಜೆ ಮಾಡಿದ್ದೀನಿ, ನಂಗೆ ಒಂದ್ ದಿನಾನೂ ಹೀಗಾಗಿಲ್ಲ."

ಅವರ ಭುಜದ ಮೇಲಿಂದ ಇಣುಕಿದೆ. ಆಂಟಿ ಮಣೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಎಡ ಮೊಣಕೈ ತೊಡೆಯ ಮೇಲೆ, ಅಂಗೈಯಲ್ಲಿ ಲಿಂಗ. ಕಣ್ಣು ಅರ್ಧ ತೆರೆದಿತ್ತು, ಆದರೆ ಲಿಂಗವನ್ನು ನೋಡುತ್ತಿರಲಿಲ್ಲ. ಹಣೆಯ ವಿಭೂತಿ ಕರಗಿ ಕೆನ್ನೆಯವರೆಗೆ ಇಳಿದಿತ್ತು. ರವಿಕೆ ನೆನೆದು ಬೆನ್ನಿಗೆ ಅಂಟಿತ್ತು. ಶ್ರಾವಣದ ತಣ್ಣನೆಯ ಬೆಳಗು, ನಾನೇ ಸ್ವೆಟರ್ ಹಾಕಿಕೊಂಡಿದ್ದೆ.

"ಅದು ಕಣ್ಣೀರಲ್ಲ ಅಂಕಲ್, ಬೆವರು. ಶುಗರ್ ಇಳಿದುಹೋಗಿದೆ."

"ಒಂಬತ್ತು ಇರೋ ಶುಗರ್ ಇಳಿಯುತ್ತಾ?"

"ಒಂಬತ್ತು ಅಂದ್ರೆ ಮೂರು ತಿಂಗಳ ಸರಾಸರಿ. ಈಗ ಎಷ್ಟಿದೆ ಅಂತ ಒಂದು ಹನಿ ನೋಡಿದ್ರೆ ಗೊತ್ತಾಗುತ್ತೆ. ದಾರಿ ಬಿಡಿ."

ಅವರು ಎದ್ದು ನಿಂತರು, ಆದರೆ ಬಾಗಿಲಿಗೆ ಅಡ್ಡವಾಗಿ ನಿಂತರು. "ಲಿಂಗ ಕೈಯಲ್ಲಿದೆ ಶುಭಾ. ಸೂಜಿ ಚುಚ್ಚಿದ್ರೆ ಕೈ ಅಲುಗುತ್ತೆ. ಬಿದ್ರೆ ಅವಳೇ ಜೀವಮಾನದಲ್ಲಿ ನನ್ನ ಕ್ಷಮಿಸಲ್ಲ. ಐದು ನಿಮಿಷ ನೋಡೋಣ." ಅವರ ದನಿಯಲ್ಲಿ ಹಟವಿರಲಿಲ್ಲ, ಭಯವಿತ್ತು. ಅದೇ ನನಗೆ ಇನ್ನೂ ಕಷ್ಟವಾಯಿತು. ಹಟಮಾರಿಯನ್ನು ತಳ್ಳಬಹುದು.

ಹೂವಿನ ತಟ್ಟೆಯ ಹೆಂಗಸೊಬ್ಬರು, "ರಕ್ತ ತೆಗೆಯೋಳಿಗೆ ಪೂಜೆ ವಿಷಯ ಯಾಕೆ" ಎಂದರು.

ಆಗ ನನ್ನ ತಾಳ್ಮೆ ಹೋಯಿತು. "ಪೂಜೆ ವಿಷಯ ನಂಗೆ ಗೊತ್ತಿಲ್ಲಮ್ಮ. ಹಸಿದವರು ಹೇಗಿರ್ತಾರೆ ಅಂತ ಹದಿನಾಲ್ಕು ವರ್ಷದಿಂದ ನೋಡಿದ್ದೀನಿ. ಅಂಕಲ್, ಇವತ್ತು ಬೆಳಿಗ್ಗೆ ಆಂಟಿ ನಂಗೆ ಏನಂದ್ರು ಗೊತ್ತಾ? ಅಲ್ಲಿ ಕೂತಿದ್ರೆ ಯಾರೂ ಎಬ್ಬಿಸಲ್ಲ ಅಂದ್ರು. ಇನ್ನು ಐದು ನಿಮಿಷ ಕಾದ್ರೆ, ಆಮೇಲೆ ನೀವು ಎಬ್ಬಿಸಿದ್ರೂ ಏಳಲ್ಲ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶ್ರೀದೇವಿ ಸೆರಗಿನಿಂದ ಕೈ ಒರೆಸಿಕೊಂಡು ನೇರವಾಗಿ ಬಂದಳು, ಮಾವನ ಪಕ್ಕದಿಂದ ತೂರಿ ಒಳಗೆ ಹೋದಳು. ಅತ್ತೆಯ ಎಡಗೈಯ ಕೆಳಗೆ ತನ್ನ ಎರಡೂ ಕೈ ಕೊಟ್ಟು ಹಿಡಿದಳು. "ನಾನು ಹಿಡ್ಕೊಂಡಿದ್ದೀನಿ. ಬೀಳಲ್ಲ. ಬನ್ನಿ ಅಕ್ಕ" ಎಂದಳು. ಅವಳು ಆ ಮನೆಯಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಬಲಗೈ ಬೆರಳಿಗೆ ಚುಚ್ಚಿದೆ. ಆಂಟಿ ಕಣ್ಣು ಕೂಡ ಮಿಟುಕಿಸಲಿಲ್ಲ. ಮೀಟರು ಐದು ಸೆಕೆಂಡು ಎಣಿಸಿತು. ಮೂವತ್ತೆಂಟು.

"ಸಕ್ಕರೆ ತನ್ನಿ" ಎಂದೆ. ಶ್ರೀದೇವಿಯ ಮುಖ ಬಿಳಿಚಿತು. ಬೀರುವಿನ ಬೀಗದ ಕೈ ಮಹಾಂತೇಶನ ಬ್ಯಾಗಿನಲ್ಲಿ ಹುಬ್ಬಳ್ಳಿಗೆ ಹೋಗಿತ್ತು. ಮನೆಯಲ್ಲಿ ಒಂದು ಚಮಚ ಸಕ್ಕರೆಯೂ ಹೊರಗಿರಲಿಲ್ಲ. ಅತ್ತೆಯ ಕೈಗೆ ಸಿಗಬಾರದೆಂದು ಇಡೀ ಮನೆ ಬೆಲ್ಲದ ಕಾಫಿಯನ್ನೂ ಬಿಟ್ಟಿತ್ತು.

ನನ್ನ ಕಣ್ಣು ಪೂಜೆಯ ತಟ್ಟೆಯ ಮೇಲೆ ಬಿತ್ತು. ಹಾಲು, ಒಂದು ಬಾಳೆಹಣ್ಣು, ಪುಟ್ಟ ಬೆಳ್ಳಿ ಬಟ್ಟಲಲ್ಲಿ ಜೇನುತುಪ್ಪ. ಆಂಟಿಯ ಮೊಣಕಾಲಿನಿಂದ ಒಂದು ಗೇಣು ದೂರ. ಹತ್ತಿರ ಹತ್ತಿರ ಎರಡು ಗಂಟೆ ಹೊತ್ತಿನಿಂದ ಅಲ್ಲೇ ಇತ್ತು. ನಾನು ಕೈ ಚಾಚಿದೆ.

"ತಡೀರಿ" ಎಂದರು ಶಾಂತವೀರಪ್ಪನವರು. "ಇನ್ನೂ ಎಡೆ ಆಗಿಲ್ಲ."

ಲಿಂಗಕ್ಕೆ ಅರ್ಪಿಸದೆ ಆ ಮನೆಯಲ್ಲಿ ಏನೂ ಬಾಯಿಗೆ ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಬಟ್ಟಲನ್ನು ಕಿತ್ತುಕೊಳ್ಳಲು ಸಿದ್ಧಳಾದೆ. ಅಷ್ಟರಲ್ಲಿ ಅವರೇ ಮೊಣಕಾಲೂರಿದರು. ಅರವತ್ತಮೂರರ ಮನುಷ್ಯ, ಮಂಡಿನೋವಿನವರು, ನೆಲಕ್ಕೆ ಧೊಪ್ಪನೆ ಕೂತರು. ಬಟ್ಟಲೆತ್ತಿ ಹೆಂಡತಿಯ ಅಂಗೈಯ ಲಿಂಗದ ಮುಂದೆ ಒಂದು ಸಲ ಹಿಡಿದರು. ತುಟಿ ಅಲುಗಿತು. ನಂತರ ಬಟ್ಟಲನ್ನು ನನ್ನ ಕಡೆ ನೂಕಿ, "ಎಡೆ ಆಯ್ತು. ಪ್ರಸಾದ ಅದು. ಕೊಡಿ" ಎಂದರು.

ಜೇನನ್ನು ಬೆರಳಿಗೆ ತೆಗೆದು ಆಂಟಿಯ ಕೆನ್ನೆಯ ಒಳಗೆ, ವಸಡಿನ ಮೇಲೆ ಸವರಿದೆ. ಮತ್ತೊಂದು ಸಲ. ಮತ್ತೂ ಒಂದು ಸಲ. ಮೊದಲು ಏನೂ ಆಗಲಿಲ್ಲ. ಶ್ರೀದೇವಿಯ ಕೈಯ ಮೇಲೆ ಅತ್ತೆಯ ಕೈ, ಅದರ ಮೇಲೆ ಲಿಂಗ. ಶಾಂತವೀರಪ್ಪನವರು ಸೊಸೆಯ ಕೈಗಳ ಕೆಳಗೆ ತಮ್ಮ ಕೈಯನ್ನೂ ಕೊಟ್ಟರು. ನಾಲ್ಕೈದು ನಿಮಿಷದ ಮೇಲೆ ಆಂಟಿಯ ಗಂಟಲು ಒಮ್ಮೆ ಅಲುಗಿತು. ನುಂಗಿದರು. ತುಟಿ ನೆಕ್ಕಿದರು. ಆಮೇಲೆ ಹಾಲು ಚಮಚದಲ್ಲಿ ಇಳಿಯಿತು, ಅರ್ಧ ಬಾಳೆಹಣ್ಣು ಇಳಿಯಿತು. ಮೀಟರು ಎಪ್ಪತ್ತು ತೋರಿಸಿತು. ಶ್ರೀದೇವಿ ಲಿಂಗವನ್ನು ಮೆಲ್ಲಗೆ ಎತ್ತಿ ಕರಡಿಗೆಗೆ ಸೇರಿಸಿದಳು. ಅದು ಬೀಳಲಿಲ್ಲ.

ಆಂಟಿ ಕಣ್ಣು ತೆರೆದು ಸುತ್ತ ನೋಡಿದರು. ಗುರುತು ಹತ್ತಿತು. "ಯಾಕೆ ಎಬ್ಬಿಸಿದ್ರಿ?" ಎಂದರು.

"ಪೂಜೆ ಮುಗೀತು ಕಣೆ. ನಾನೇ ಎಡೆ ಮಾಡ್ದೆ, ನೀನು ಯೋಚ್ನೆ ಮಾಡ್ಬೇಡ" ಎಂದರು ಗಂಡ.

"ಪೂಜೆ ಎಲ್ಲಿ ಮಾಡ್ತಿದ್ದೆ" ಎಂದರು ಆಂಟಿ. ದನಿಯಲ್ಲಿ ಅಳುವಿರಲಿಲ್ಲ. "ಒಂದು ಮಂತ್ರ ಬಾಯಿಗೆ ಬಂದು ವರ್ಷ ಆಯ್ತು. ಸುಮ್ನೆ ಕೂತಿರ್ತಿದ್ದೆ. ಎದ್ರೆ ಮತ್ತೆ ಒಂದು ದಿನ ಕಳೀಬೇಕಲ್ಲ."

ಶಾಂತವೀರಪ್ಪನವರ ಕೈಯಲ್ಲಿ ಜೇನಿನ ಬಟ್ಟಲು ಹಾಗೇ ಇತ್ತು. ಹಾಲ್‌ನಲ್ಲಿ ಕೂತಿದ್ದ ಹೆಂಗಸರು ಎದ್ದು, ಹೂವಿನ ತಟ್ಟೆಯ ಸಮೇತ ಸದ್ದಿಲ್ಲದೆ ಮೆಟ್ಟಿಲಿಳಿದು ಹೋದರು.

ಆ ಮಾತ್ರೆ ಇಡೀ ದಿನ ಮೈಯಲ್ಲಿ ಇರುತ್ತದೆ, ಜೇನುತುಪ್ಪ ನಂಬಿ ಕೂರುವ ಹಾಗಿಲ್ಲ. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿದ್ದ ಡಾಕ್ಟರಮ್ಮ ಡ್ರಿಪ್ ಹಾಕಿಸಿ, ಒಂದು ರಾತ್ರಿ ಇರಿಸಿಕೊಳ್ಳುತ್ತೇವೆ ಎಂದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಆಂಟಿಯನ್ನು ಒಂದೊಂದೇ ಕೇಳಿದರು. ನಿದ್ದೆ ಹೇಗಿದೆ, ಬೆಳಿಗ್ಗೆ ಏಳಲು ಮನಸ್ಸಾಗುತ್ತದೆಯೇ, ಬದುಕಿದ್ದೇನು ಪ್ರಯೋಜನ ಅನ್ನಿಸುತ್ತದೆಯೇ. ಒಂಬತ್ತು ಪ್ರಶ್ನೆ. ಒಂಬತ್ತಕ್ಕೂ ಆಂಟಿ ಉತ್ತರ ಕೊಟ್ಟರು. ಯಾರಾದರೂ ಕೇಳಲಿ ಎಂದು ಕಾದಿದ್ದವರ ಹಾಗೆ ಕೊಟ್ಟರು.

ಬೆಲ್ಲ ಕದಿಯುವ ವಿಷಯ ಶ್ರೀದೇವಿ ಹೇಳಿದಾಗ ಡಾಕ್ಟರಮ್ಮ ತಲೆಯಾಡಿಸಿದರು. "ಶುಗರ್ ಕುಸಿದು ಕೈಕಾಲು ನಡುಗಿದಾಗ ಮೈಯೇ ಸಿಹಿ ಕೇಳುತ್ತೆ. ಅದು ನಾಲಿಗೆ ಚಪಲ ಅಲ್ಲ. ಮನಸ್ಸು ಇಷ್ಟು ದಿನ ಕುಗ್ಗಿದ್ರೆ ನಿದ್ದೆ ಕೆಡುತ್ತೆ, ಓಡಾಟ ನಿಲ್ಲುತ್ತೆ, ಮೈಯೊಳಗೇ ಶುಗರ್ ಏರುತ್ತೆ. ಶುಗರ್ ಹೀಗೆ ಏರಿ ಇಳಿದು ಮಾಡಿದ್ರೆ ಮನಸ್ಸು ಇನ್ನೂ ಕುಗ್ಗುತ್ತೆ. ನೀವೆಲ್ಲ ಶುಗರ್ ಒಂದನ್ನೇ ಹಿಡ್ಕೊಂಡು ಓಡಿದ್ರಿ. ಇನ್ನೊಂದನ್ನ ಯಾರೂ ನೋಡ್ಲಿಲ್ಲ."

ಹೊರಗೆ ಬೆಂಚಿನ ಮೇಲೆ ಶಾಂತವೀರಪ್ಪನವರು ಕೂತಿದ್ದರು. ಅವರನ್ನು ಚೆನ್ನಾಗಿ ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. "ನಾನು ಬಾಗಿಲು ತೆಗೆದಿಟ್ಟು ಜನಕ್ಕೆ ತೋರಿಸ್ತಿದ್ದೆ ಶುಭಾ" ಎಂದರು. "ಒಂದ್ ದಿನಾನಾದ್ರೂ ಪಕ್ಕದಲ್ಲಿ ಕೂತು, ಏನಾಗ್ತಿದೆ ಅಂತ ಕೇಳ್ಲಿಲ್ಲ." ಜೋಡಿಸಿಕೊಂಡಿದ್ದ ಮಾತೆಲ್ಲ ನನಗೂ ಅನ್ವಯಿಸುವಂಥವೇ ಆಗಿದ್ದವು. ಅವರ ಪಕ್ಕ ಕೂತೆ.

ಅಂಜನಾಪುರದವರು ದೂರು ಕೊಟ್ಟರು, ನನಗೆ ಎರಡನೇ ಮೆಮೊ ಬಂತು. ಬರಲಿ.

ಈಗ ಕಾರ್ತಿಕ. ಆ ಮಾತ್ರೆಯನ್ನು ತೆಗೆದು ಬೇರೆ ಕೊಟ್ಟಿದ್ದಾರೆ, ಅದು ತಿಂಡಿಯ ತಟ್ಟೆಯ ಪಕ್ಕದಲ್ಲೇ ಇರುತ್ತದೆ. ಮನಸ್ಸಿನ ಡಾಕ್ಟರರ ಹತ್ತಿರ ಹದಿನೈದು ದಿನಕ್ಕೊಮ್ಮೆ ಜಯನಗರಕ್ಕೆ ಹೋಗುತ್ತಾರೆ. ಅಲ್ಲಿನ ಮಾತ್ರೆ ಸಕ್ಕರೆಯ ಮಾತ್ರೆಯ ಡಬ್ಬಿಯಲ್ಲೇ ಇದೆ, ಯಾರೂ ಬಚ್ಚಿಟ್ಟಿಲ್ಲ. ಬೀರುವಿಗೆ ಬೀಗವಿಲ್ಲ. ಐದೂವರೆಗೇ ಪೂಜೆ ಮುಗಿಸುತ್ತಿದ್ದ ಶಾಂತವೀರಪ್ಪನವರು ಈಗ ಹೆಂಡತಿ ಏಳುವವರೆಗೆ ಕಾದು ಅವರ ಪಕ್ಕದಲ್ಲೇ ಕೂರುತ್ತಾರೆ, ಇಬ್ಬರ ಅಂಗೈಯಲ್ಲೂ ಲಿಂಗ. ಇಪ್ಪತ್ತು ನಿಮಿಷಕ್ಕೆ ತಾವೇ ಮೊದಲು ಎದ್ದು ಕೈ ಕೊಡುತ್ತಾರೆ. ಎಲ್ಲ ಸರಿಹೋಯಿತೆಂದು ಹೇಳಲಾರೆ. ಕೆಲವು ದಿನ ಆಂಟಿ ಹಾಸಿಗೆಯಿಂದ ಏಳುವುದೇ ಇಲ್ಲ. ಹೋದ ತಿಂಗಳು ತೋಳಿಗೆ ಪಟ್ಟಿ ಕಟ್ಟುವಾಗ, "ನೀವು ಕೇಳಿದ್ದ ಬೇಜಾರಿನ ಟೆಸ್ಟ್ ಇತ್ತು ಆಂಟಿ, ಆ ಒಂಬತ್ತು ಪ್ರಶ್ನೆ. ನಂಗೆ ಗೊತ್ತಿರ್ಲಿಲ್ಲ. ನಕ್ಕುಬಿಟ್ಟೆ, ತಪ್ಪಾಯ್ತು" ಎಂದೆ. ಸೂಜಿ ತೆಗೆದ ಮೇಲೆ ಅವರು ನನ್ನ ಮಣಿಕಟ್ಟನ್ನು ಒಂದು ಕ್ಷಣ ಹಿಡಿದುಕೊಂಡಿದ್ದರು.

ಇವತ್ತು ಏಳಕ್ಕೆ ಹೋದಾಗಲೂ ಮಾತಿರಲಿಲ್ಲ. ಹೆಸರು ಅಂಟಿಸಿ ಹೊರಟೆ. ಎಂಟರಿಂದ ಜೇಬಿನ ಮೇಲೇ ಗಮನ. ಆ ಬೆಳಗಿನಿಂದ ನನಗೆ ಇದೊಂದು ರೋಗವೇ ಆಗಿದೆ, ಫೋನು ಬರುವವರೆಗೆ ಬೇರೆ ಯಾವುದರಲ್ಲೂ ಮನಸ್ಸು ನಿಲ್ಲುವುದಿಲ್ಲ. ಎಂಟು ಮೂವತ್ತೈದಕ್ಕೆ ಸಾರಕ್ಕಿ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಬಂತು. ಶ್ರೀದೇವಿಯ ನಂಬರು. ಶ್ರೀದೇವಿಯ ದನಿಯಲ್ಲ.

"ತಿಂಡಿ ಆಯ್ತು ಕಣೆ ಶುಭಾ. ಉಪ್ಪಿಟ್ಟು."

"ಹೂಂ ಆಂಟಿ" ಎಂದೆ. ಕಾದೆ. ಆ ಕಡೆ ಉಸಿರು ಕೇಳುತ್ತಿತ್ತು, ಫೋನ್ ಇಟ್ಟಿರಲಿಲ್ಲ.

"ಉಪ್ಪು ಜಾಸ್ತಿ ಆಗಿತ್ತು" ಎಂದರು.

ಸಿಗ್ನಲ್ ಹಸಿರಾಯಿತು. ಹಿಂದಿನವರೆಲ್ಲ ಹಾರನ್ ಹೊಡೆಯುತ್ತಿದ್ದರು. ನಾನು ಗಾಡಿ ಪಕ್ಕಕ್ಕೆ ತಳ್ಳಿ, ಹೆಲ್ಮೆಟ್ ತೆಗೆಯದೆ ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು ಸಮಯ ಬರೆದುಕೊಂಡೆ. ಹತ್ತು ಮೂವತ್ತೈದಕ್ಕೆ ಮತ್ತೆ ಅವರ ಮನೆಗೆ ಹೋಗಬೇಕು.